ಸುಳ್ಳು ಮನುಷ್ಯರ ನಡುವೆ ಒಂದು ಭಾನುವಾರ

ನಮ್ಮವರ ಊರು ಹೊಸನಗರದ ಹತ್ತಿರ. ಅದೇ ತಾಲೂಕಿನಲ್ಲಿ ನಿಲಸ್ಕಲ್ ಅಂತ ಒಂದು ಊರಿದೆ. ಯಾವ ಕಾಲದಲ್ಲೋ ಯಾರೋ ನೆಟ್ಟು ನಿಲ್ಲಿಸಿದ ದೊಡ್ಡ ದೊಡ್ಡ ಕಲ್ಲುಗಳು ಅಲ್ಲಿವೆ. ಹೆಸರಿನಲ್ಲೇ ಇದೆಯಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷವಾಯಿತು. ಒಂದು ಸಲ ತೋರಿಸಿ ಅಂತ ಕೇಳಿದಾಗಲೆಲ್ಲ ಇವರದು ಒಂದೇ ಮಾತು: "ಕಲ್ಲಲ್ಲಿ ನೋಡೋದೇನಿದೆಯೇ?"

ಅಂಥವರು ಹೋದ ಜೂನ್‌ನಲ್ಲಿ ಗ್ಲಾಸ್ಗೋದ ಮಗನ ಮನೆಯಿಂದ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ಉಲ್ಲಾಪೂಲ್‌ನಲ್ಲಿ ಹಡಗು ಹತ್ತಿಸಿದರು. ಎರಡೂವರೆ ಗಂಟೆಗೂ ಜಾಸ್ತಿ ಹೊತ್ತು ಸಮುದ್ರದ ಮೇಲೆ ಕುಲುಕಾಡಿಸಿ, ಸ್ಕಾಟ್ಲೆಂಡಿನ ಪಶ್ಚಿಮದ ತುದಿಯ ಲೂಯಿಸ್ ದ್ವೀಪಕ್ಕೆ ತಂದಿಳಿಸಿದರು. ಏನು ನೋಡೋಕೆ? ಕಲ್ಲು.

ಹೋಗಿ ಸೇರಿದ್ದು ಶನಿವಾರ ರಾತ್ರಿ. ಅದೇ ನಾವು ಮಾಡಿದ ತಪ್ಪು. ಲೂಯಿಸ್‌ನಲ್ಲಿ ಭಾನುವಾರ ಅಂದರೆ ದೇವರ ದಿನ. ಬಸ್ಸಿಲ್ಲ, ಹೆಚ್ಚಿನ ಅಂಗಡಿಗಳಿಗೆ ಬಾಗಿಲು. 2009ರ ತನಕ ಸ್ಟಾರ್ನೊವೇ ಊರಿನಿಂದ ಭಾನುವಾರ ಹಡಗೂ ಹೊರಡುತ್ತಿರಲಿಲ್ಲವಂತೆ. ಬೆಳಿಗ್ಗೆ ಬ್ಯಾಗು ತೆಗೆದು ನೋಡಿದೆ. ಚಟ್ನಿಪುಡಿ ಇತ್ತು, ಹಚ್ಚಿಕೊಳ್ಳೋಕೆ ಬ್ರೆಡ್ ಇರಲಿಲ್ಲ. ಒಂದು ಪೊಟ್ಟಣ ಚಕ್ಕುಲಿ ಇತ್ತು, ಊರಿಂದ ತಂದದ್ದು. ಅದನ್ನೇ ಕೈಯಲ್ಲಿ ಹಿಡಿದು, ಆ ಕಲ್ಲುಗಳಿರುವ ಕ್ಯಾಲನಿಶ್ ಕಡೆಗೆ ಹೊರಟೆವು.

ದಾರಿಯುದ್ದಕ್ಕೂ ಮರ ಅಂತ ಕಣ್ಣಿಗೆ ಬಿದ್ದದ್ದು ಕಡಿಮೆ. ಕುರಿ, ಕೆರೆ, ಕಂದು ಬಣ್ಣದ ಬಯಲು, ಮತ್ತೆ ಕುರಿ. ಆಮೇಲೆ ದಿಬ್ಬದ ಮೇಲೆ ಅವು ಕಂಡವು. ಸುಳ್ಳು ಹೇಳುವುದಿಲ್ಲ, ಬಾಯಿ ತನ್ನಿಂತಾನೇ ಮುಚ್ಚಿತು. 13 ಕಲ್ಲುಗಳ ಒಂದು ವೃತ್ತ. ನಡುವೆ ಸುಮಾರು ಹದಿನಾರು ಅಡಿಯ ಒಂದು ದೊಡ್ಡ ಕಲ್ಲು. ಅಲ್ಲಿಂದ ನಾಲ್ಕೂ ಕಡೆಗೆ ಸಾಲು ಸಾಲು. ನಿಲ್ಲಿಸಿ ಐದು ಸಾವಿರ ವರ್ಷದ ಹತ್ತಿರವಾಗಿದೆ. ಕಲ್ಲಿನ ವಯಸ್ಸು ಕೇಳಿದರೆ ತಲೆ ತಿರುಗುತ್ತದೆ: ಆ ಬಂಡೆ 300 ಕೋಟಿ ವರ್ಷದಷ್ಟು ಹಳೆಯದು. ಹತ್ತಿರ ಹೋದರೆ ಕೊಯ್ದ ಹಲಸಿನ ಹಲಗೆಯ ಹಾಗೆ ಮೈತುಂಬ ಗೆರೆ ಗೆರೆ.

ಇಷ್ಟನ್ನು ನೋಡಿದ್ದೇ ನೋಡಿದ್ದು, ಮಳೆ ಅಡ್ಡಡ್ಡ ಬಂತು. ಕೊಡೆ ಬಿಚ್ಚಿದೆ. ಅದು ತಿರುಗಿ ಬಟ್ಟಲಾಯಿತು. ಮಲೆನಾಡಿನ ಕಂಬಳಿಕೊಪ್ಪೆ ಇದ್ದಿದ್ದರೆ ಈ ಗಾಳಿಗೆ ತಕ್ಕ ಉತ್ತರ ಕೊಡಬಹುದಿತ್ತು.

ನಮ್ಮವರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಲೆಕ್ಕ ತಾಳೆಯಾಗದೆ ಮನೆಗೆ ಬರುವ ಪೈಕಿ ಅಲ್ಲ. ಅವರು ವೃತ್ತದ ಕಲ್ಲು ಎಣಿಸಿದರು: ಹದಿನಾಲ್ಕು. ಫಲಕದಲ್ಲಿ ಹದಿಮೂರು. ಇನ್ನೊಮ್ಮೆ ಎಣಿಸಿದರು: ಹದಿನಾಲ್ಕು. "ಎಲ್ಲೋ ಎಂಟ್ರಿ ತಪ್ಪಾಗಿದೆ" ಅಂತ ಮಂಜಿನೊಳಗೆ ಹೊರಟುಹೋದರು. ನಾನು ಗಾಳಿಗೆ ಮರೆಯಾಗಿ ಒಂದು ಸಣಕಲು ಕಲ್ಲಿನ ಪಕ್ಕ ನಿಂತೆ. ದುಪಟ್ಟಾ ಹಿಂಡಿದೆ. ಯಾರೂ ಇಲ್ಲ ಅನ್ನುವ ಧೈರ್ಯದಲ್ಲಿ ಬಾಯಿ ಬಿಟ್ಟೇ ಬೈದುಕೊಂಡೆ, "ಈ ಮನುಷ್ಯನನ್ನ ಕಟ್ಟಿಕೊಂಡು ನಾನೂ ಕಲ್ಲಾಗೋದೊಂದೇ ಬಾಕಿ." ಕಲ್ಲು ಮೆಲ್ಲಗೆ "ಸಾರಿ?" ಅಂದಿತು.

ನಾನು ಕಿರುಚಿದ್ದು ಸ್ಟಾರ್ನೊವೇ ತನಕ ಕೇಳಿಸಿರಬೇಕು. ಬೂದು ಬಣ್ಣದ ರೇನ್‌ಕೋಟು, ತಲೆಮೇಲೆ ಟೋಪಿ, ಎತ್ತರದ ಮುದುಕರು. ಫೋಟೋಕ್ಕೆ ಬೆಳಕು ಬರಲಿ ಅಂತ ಅರ್ಧ ಗಂಟೆಯಿಂದ ಅಲ್ಲಾಡದೆ ನಿಂತಿದ್ದರಂತೆ. ಪಾಪ, ಅವರೇ ಎರಡು ಸಲ ಕ್ಷಮೆ ಕೇಳಿದರು. ಈ ಕಲ್ಲುಗಳಿಗೆ ಇಲ್ಲಿನವರ ಗೇಲಿಕ್ ಭಾಷೆಯಲ್ಲಿ 'ಸುಳ್ಳು ಮನುಷ್ಯರು' ಅಂತ ಹೆಸರು ಅಂತಲೂ ತಿಳಿಸಿದರು. ದೂರದಿಂದ ಕಲ್ಲು ನೋಡಿದವರು ಮನುಷ್ಯ ಅಂದುಕೊಳ್ಳುತ್ತಾರಂತೆ. ಮನುಷ್ಯನನ್ನು ಕಲ್ಲು ಅಂದುಕೊಂಡವಳು ನಾನೇ ಮೊದಲಿರಬೇಕು. ಲೆಕ್ಕ ಮಾತ್ರ ತಾಳೆಯಾಯಿತು.

ನಾಚಿಕೆಯಿಂದ ಸರಸರ ಹೊರಟವಳು ಬೇಲಿಯಾಚೆ ಹುಲ್ಲಿನ ಮೇಲೆ ಕಾಲಿಟ್ಟೆ. ಹುಲ್ಲಲ್ಲ ಅದು, ಪೀಟ್. ಸಾವಿರಾರು ವರ್ಷ ಕೊಳೆತ ಪಾಚಿ ಹುಲ್ಲಿನ ಕಪ್ಪು ರಾಡಿ. ಕಡಿದು ಒಣಗಿಸಿದರೆ ನಮ್ಮ ಬೆರಣಿಯ ಹಾಗೆ ಒಲೆಗೆ ಆಗುತ್ತದೆ. ಇದೇ ಪೀಟ್ ಐದು ಅಡಿ ಬೆಳೆದು ಈ ಕಲ್ಲುಗಳನ್ನು ಅರ್ಧಕ್ಕೆ ಹೂತುಬಿಟ್ಟಿತ್ತು. 1857ರಲ್ಲಿ ದ್ವೀಪದ ಒಡೆಯ ಜೇಮ್ಸ್ ಮ್ಯಾಥೆಸನ್ ಅದನ್ನೆಲ್ಲ ತೆಗೆಸಿದರು. ಅಂಥ ಕಲ್ಲನ್ನೇ ಬಿಡದ ನೆಲ ನನ್ನ ಬಲಗಾಲಿನ ಶೂ ಬಿಟ್ಟೀತೇ? ಕಾಲು ಮೇಲೆ ಬಂತು, ಶೂ ಬರಲಿಲ್ಲ. ನಮ್ಮವರು ಮೊಣಕೈ ತನಕ ಕೈಹಾಕಿ ಎಳೆದರು. ಹೆರಿಗೆ ಮಾಡಿಸಿದ ಹಾಗೆ ಸದ್ದು ಮಾಡಿಕೊಂಡು ಹೊರಬಂತು.

ಆ ಹೊತ್ತಿಗೆ ಗಾಳಿ ನಿಂತಿತು. ಸದ್ಯ, ಅಂದುಕೊಂಡೆ. ಗಾಳಿ ಬೀಸುವಾಗ ಹಾರಲಾರದೆ ಎಲ್ಲೋ ಅಡಗಿ ಕೂತಿದ್ದ ನೊರಜುಗಳೆಲ್ಲ ಒಟ್ಟಿಗೆ ಎದ್ದುಬಂದವು. ಮಿಜ್ ಅಂತಾರೆ. ಕಣ್ಣಿಗೆ ಕಾಣದಷ್ಟು ಚಿಕ್ಕವು, ಕಚ್ಚಿದರೆ ಇಂಬಳವೇ ವಾಸಿ. ಇಬ್ಬರೂ ಓಡಿಹೋಗಿ ಕಾರಿನೊಳಗೆ ಕೂತೆವು.

ಅಲ್ಲಿ ಕೂತು ನಮ್ಮವರು ಇಲ್ಲಿನ ಒಂದು ಕಥೆ ಹೇಳಿದರು. ಹಿಂದೆ ಬರಗಾಲ ಬಂದಾಗ ಸಮುದ್ರದಿಂದ ಒಂದು ಬಿಳಿ ಹಸು ಎದ್ದುಬಂದು, ಈ ಕಲ್ಲುಗಳ ಹತ್ತಿರ ದಿನಾ ಎಲ್ಲರಿಗೂ ಒಂದೊಂದು ಪಾತ್ರೆ ಹಾಲು ಕೊಡುತ್ತಿತ್ತಂತೆ. ಒಬ್ಬ ಮಾಟಗಾತಿ ಜರಡಿ ತಂದು ಅದರೊಳಗೆ ಕರೆದಳಂತೆ. ತುಂಬುವುದೇ ಇಲ್ಲವಲ್ಲ! ಕರೆದು ಕರೆದು ಹಸು ಬತ್ತಿಹೋಗಿ, ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಹೊಟ್ಟೆ ಹಸಿದಾಗ ಕೇಳುವ ಕಥೆಯಲ್ಲ ಅದು. ಆದರೂ ಕೇಳುತ್ತಾ ಚಕ್ಕುಲಿ ಪೊಟ್ಟಣಕ್ಕೆ ಕೈಹಾಕಿದೆ. ಬೆರಳಿಗೆ ಸಿಕ್ಕಿದ್ದು ಬರೀ ಪುಡಿ.

"ಜರಡಿ ಯಾರು ಅಂತ ಈಗ ಗೊತ್ತಾಯ್ತು ಬಿಡಿ" ಅಂದೆ.

ರಾತ್ರಿ ಹತ್ತಾದರೂ ಕತ್ತಲಾಗಿರಲಿಲ್ಲ. ಕುಟುಂಬದ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದೆ. ನಮ್ಮೂರಲ್ಲಿ ಆಗ ನಡುರಾತ್ರಿ ಕಳೆದಿತ್ತು. ಬೆಳಗಿನ ಕಾಫಿಯ ಹೊತ್ತಿಗೆ ಅತ್ತೆಯವರ ಫೋನು.

"ಇದನ್ನ ನೋಡೋಕೆ ಅಷ್ಟು ದೂರ ಹೋಗಿದ್ದೇನೇ ಮಾರಾಯ್ತಿ? ಇಲ್ಲೇ ನಿಲಸ್ಕಲ್‌ನಲ್ಲಿ ಇರಲಿಲ್ವಾ?"

"ನಿಮ್ಮ ಮಗನ್ನೇ ಕೇಳಿ ಅತ್ತೆ."

"ಅದು ಹಾಳಾಗ್ಲಿ. ಎಲ್ಲಾ ಕಲ್ಲೂ ನೆಟ್ಟಗಿದೆ, ಎಡಗಡೆಯಿಂದ ಮೂರನೇದು ಯಾಕೆ ಹಾಗೆ ವಾಲಿದೆ? ಹತ್ತಿರ ಹೋಗಬೇಡಿ, ಬಿದ್ದುಗಿದ್ದೀತು."

ಫೋಟೋ ದೊಡ್ಡದು ಮಾಡಿ ನೋಡಿದೆ. ಬೂದು ಜರ್ಕಿನ್ ಹಾಕಿಕೊಂಡು, ಗಾಳಿಗೆ ಎದೆಕೊಟ್ಟು ಬಾಗಿ, ನಮ್ಮವರು ಕಲ್ಲು ಎಣಿಸುತ್ತಿದ್ದರು.