26 ಇದ್ದದ್ದು 27 ಆದ ಕಥೆ

ಮೂರು ವರ್ಷದ ಹಿಂದೆ ವಿರಾಜಪೇಟೆ ಕಡೆಯ ಒಂದು ಕಾಫಿ ಖರೀದಿ ಅಂಗಡಿಗೆ ನಾನೇ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆ. ತಪ್ಪೂ ನನ್ನದೇ, ಮೊದಲೇ ಹೇಳಿಬಿಡುತ್ತೇನೆ.

ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಮಾರಿದವರಿಗೆ ಗೊತ್ತು, ದರ ನಿಂತಿರುವುದು ಔಟ್‌ಟರ್ನ್ ಮೇಲೆ. 50 ಕೆಜಿ ಮೂಟೆಯ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅಷ್ಟು ಪಾಯಿಂಟ್. ಒಬ್ಬ ಬೆಳೆಗಾರರು ಫೆಬ್ರವರಿ 12ಕ್ಕೆ 40 ಮೂಟೆ ತಂದು ಹಾಕಿದರು. ಸ್ಯಾಂಪಲ್‌ನಲ್ಲಿ 26 ಬಂತು. ಪಾಯಿಂಟಿಗೆ 300 ರೂಪಾಯಿ ಅಂತ ಇಟ್ಟುಕೊಳ್ಳಿ, ಮೂಟೆಗೆ 7,800, ಒಟ್ಟು 3,12,000. ಚೀಟಿ ಕೊಟ್ಟು ದುಡ್ಡೂ ಕೊಟ್ಟಾಯಿತು. 20ಕ್ಕೆ ಅಂಗಡಿ ಹುಡುಗ ಉಳಿದ ಸ್ಯಾಂಪಲ್ ಮತ್ತೆ ನೋಡಿದ, 27 ಬಂತು, ಸ್ಕ್ರೀನಿನಲ್ಲಿ 26 ಅಳಿಸಿ 27 ಒತ್ತಿದ. ಅಷ್ಟೇ. ನನ್ನ ಡೇಟಾಬೇಸ್ ಒಂದು ಸಾಲು ಅಪ್‌ಡೇಟ್ ಮಾಡಿ ಸುಮ್ಮನಾಯಿತು.

ಮಾರ್ಚ್‌ನಲ್ಲಿ ಅವರು ಬ್ಯಾಂಕಿಗೆ ಕೊಡಲು ಚೀಟಿಯ ಇನ್ನೊಂದು ಪ್ರತಿ ಕೇಳಿಕೊಂಡು ಬಂದರು. ಪ್ರಿಂಟ್ ತೆಗೆದರೆ ಅದೇ ತಾರೀಖು, ಅದೇ 40 ಮೂಟೆ, ಔಟ್‌ಟರ್ನ್ ಮಾತ್ರ 27, ಮೊತ್ತ 3,24,000. ಅವರು ಜೋರು ಮಾಡಲಿಲ್ಲ. ಹಳೆ ಚೀಟಿ, ಹೊಸ ಚೀಟಿ ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಮಾಲೀಕರ ಮುಖ ನೋಡಿದರು. 12,000 ನುಂಗಿದ ಹಾಗೇ ಕಾಣುತ್ತಿತ್ತು, ಅಲ್ವಾ? ಮಾಲೀಕರು ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ, 12ನೇ ತಾರೀಖು ನಮಗೆ ಎಷ್ಟು ಅಂತ ಗೊತ್ತಿತ್ತು? ನನ್ನ ಡೇಟಾಬೇಸ್ ಟೇಬಲ್‌ನಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ.

ತೋಟದಲ್ಲಿ ಮಳೆ ಲೆಕ್ಕ ಬರೆದಿಡುವವರಿಗೆ ಇದು ಹೊಸ ವಿಷಯವಲ್ಲ. ಅಳೆಯುವುದು ಬೆಳಿಗ್ಗೆ, ಬಿದ್ದದ್ದು ನಿನ್ನೆ ರಾತ್ರಿ. ಬಿದ್ದ ದಿನ ಬೇರೆ, ಬರೆದ ದಿನ ಬೇರೆ. ಡೇಟಾಬೇಸ್‌ನವರು ಮೊದಲನೆಯದಕ್ಕೆ ವ್ಯಾಲಿಡ್ ಟೈಮ್, ಎರಡನೆಯದಕ್ಕೆ ಟ್ರಾನ್ಸಾಕ್ಷನ್ ಟೈಮ್ ಅಂತಾರೆ, ಎರಡನ್ನೂ ಇಟ್ಟರೆ ಬೈಟೆಂಪೊರಲ್. ಡೇಟಾಬೇಸ್ ಭಾಷೆಯಾದ ಎಸ್‌ಕ್ಯೂಎಲ್‌ನ ಮಾನದಂಡಕ್ಕೆ ಇದೆಲ್ಲ ಸೇರಿದ್ದು 2011ರಲ್ಲಿ. ಎಸ್‌ಕ್ಯೂಎಲ್ ಸರ್ವರ್ 2016, ಮರಿಯಾಡಿಬಿ 10.3 ಎರಡೂ ಡೇಟಾಬೇಸ್‌ಗಳಲ್ಲಿ ಸಿಸ್ಟಮ್ ವರ್ಷನಿಂಗ್ ಬಂತು, ಹಳೆ ಸಾಲು ತಾನಾಗಿ ಉಳಿಯುತ್ತದೆ. ಆದರೆ ಅದು ನೆನಪಿಡುವುದು ಬರೆದ ಹೊತ್ತನ್ನು ಮಾತ್ರ. 27 ಅನ್ನೋದು 20ರಿಂದ ಲೆಕ್ಕಕ್ಕೋ, 12ರಿಂದಲೋ? ಅದನ್ನು ನಾವೇ ಹೇಳಬೇಕು.

ದರದ ಟೇಬಲ್‌ದು ಇನ್ನೊಂದು ತಲೆನೋವು. 10ರಿಂದ 15ರವರೆಗೆ ಒಂದು ದರ, 15ರಿಂದ ಇನ್ನೊಂದು ಅಂತ ಬರೆದಿಟ್ಟರೆ 15ನೇ ತಾರೀಖಿಗೆ ಎರಡು ದರ. ಶುರುವಿನ ದಿನ ಸೇರಿಸಿ, ಕೊನೆಯ ದಿನ ಬಿಡಿ, ಜಗಳವೇ ಇಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ 9.2ನೇ ಆವೃತ್ತಿಯಿಂದಲೇ ಶುರು, ಕೊನೆ ಎರಡನ್ನೂ ಒಟ್ಟಿಗೆ ಇಡುವ ರೇಂಜ್ ಟೈಪ್ ಇದೆ, ಎಕ್ಸ್‌ಕ್ಲೂಷನ್ ಕನ್‌ಸ್ಟ್ರೇಂಟ್ ಅನ್ನೋ ನಿಯಮ ಹಾಕಿದರೆ ಒಂದರ ಮೇಲೊಂದು ಬೀಳುವ ಅವಧಿಯನ್ನು ಒಳಗೇ ಬಿಡುವುದಿಲ್ಲ. 2025ರಲ್ಲಿ ಬಂದ 18ನೇ ಆವೃತ್ತಿಯಲ್ಲಂತೂ ಸಾಲನ್ನು ಗುರುತಿಸುವ ಪ್ರೈಮರಿ ಕೀಗೇ ವಿದೌಟ್ ಓವರ್‌ಲ್ಯಾಪ್ಸ್ (ಒಂದರ ಮೇಲೊಂದು ಬೀಳಬಾರದು) ಅಂತ ಬರೆಯಬಹುದು.

ಇನ್ನು ಅಪ್ರೂವಲ್. ಹುಡುಗ ಒತ್ತಿದ್ದನ್ನು ಯಾರೂ ನೋಡಿರಲಿಲ್ಲ, ಅದೂ ನನ್ನದೇ ತಪ್ಪು. ಒಪ್ಪಿದ್ದೋ ಪೆಂಡಿಂಗೋ ಅಂತ ತೋರಿಸಲು ಸ್ಟೇಟಸ್ ಅಂತ ಒಂದು ಕಾಲಂ ಹಾಕಿಬಿಡು ಅಂದ ಬೆಂಗಳೂರಿನ ಗೆಳೆಯ. ನನಗಿದು ಸುತರಾಂ ಒಪ್ಪಿಗೆಯಿಲ್ಲ. ಪೆಂಡಿಂಗ್ ಸಾಲು ನಿಜವಾದ ಸಾಲಿನ ಪಕ್ಕದಲ್ಲೇ ಕೂತಿದ್ದರೆ ಪ್ರತಿ ರಿಪೋರ್ಟಿನಲ್ಲೂ ಅದನ್ನು ಹೊರಗಿಡಲು ನೆನಪಿಟ್ಟುಕೊಳ್ಳಬೇಕು, ಒಂದು ಕಡೆ ಮರೆತರೆ ಯಾರೂ ಒಪ್ಪದ ಸಂಖ್ಯೆಗೆ ದುಡ್ಡು ಹೋಗುತ್ತದೆ.

ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿದವರು ನೆನಪು ಮಾಡಿಕೊಳ್ಳಿ. ಅರ್ಜಿ ಕೊಟ್ಟ ತಕ್ಷಣ ಪಹಣಿ ಬದಲಾಗುವುದಿಲ್ಲ. ಮುಟೇಶನ್‌ನಲ್ಲಿ ದಾಖಲಾಗಿ, ನೋಟಿಸ್ ಹೋಗಿ, ತಕರಾರು ಬರದಿದ್ದರೆ ಆದೇಶವಾಗಿ, ಆಮೇಲೆ ಪಹಣಿ. ತೀರಿಕೊಂಡ ದಿನ, ಅರ್ಜಿಯ ದಿನ, ಆದೇಶದ ದಿನ, ಮೂರೂ ಬೇರೆ.

ನಾನೂ ಹಾಗೇ ಮಾಡಿದೆ. ಬದಲಾವಣೆ ಕೇಳುವುದಕ್ಕೆ ಬೇರೆ ಟೇಬಲ್. ಯಾವ ಸಾಲು, ಏನು ಬದಲಾಗಬೇಕು, ಯಾವ ದಿನದಿಂದ, ಕೇಳಿದವರು ಯಾರು, ಒಪ್ಪಿದವರು ಯಾರು. ಕೇಳಿದವರೇ ಒಪ್ಪುವಂತಿಲ್ಲ, ಅದಕ್ಕೊಂದು ಚೆಕ್ ಕನ್‌ಸ್ಟ್ರೇಂಟ್. ಒಪ್ಪಿದಾಗ ಹಳೆ ಸಾಲು ಮುಚ್ಚಿ ಹೊಸದು ತೆರೆಯುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಇಲ್ಲ. ಜಾಸ್ತಿ ಜನ ಮರೆಯುವುದು ವರ್ಷನ್ ನಂಬರ್, ಅಂದರೆ ಸಾಲು ಎಷ್ಟನೇ ಸಲ ಬದಲಾಗಿದೆ ಅನ್ನೋ ಲೆಕ್ಕ. ಒಬ್ಬ ಔಟ್‌ಟರ್ನ್ 27 ಅಂತ ಕಳಿಸಿದ, ಮಾಲೀಕರು ಅದನ್ನು ನೋಡುವ ಮೊದಲೇ ಇನ್ನೊಬ್ಬ ಮೂಟೆ 39 ಅಂತ ಕಳಿಸಿ ಅದು ಪಾಸಾಯಿತು. ಈಗ ಮೊದಲನೆಯದನ್ನು ಕಣ್ಣುಮುಚ್ಚಿ ಒಪ್ಪಿದರೆ ಇಡೀ ಸಾಲಿನ ಜೊತೆ 40 ವಾಪಸ್ ಬರುತ್ತದೆ. ಯಾವ ವರ್ಷನ್ ನೋಡಿ ಕೇಳಿದ್ದು ಅಂತ ಬರೆದಿಟ್ಟರೆ ಸಿಸ್ಟಮ್ ಅಲ್ಲೇ ತಡೆಯುತ್ತದೆ.

ಯಾರು ಯಾವಾಗ ಏನು ಬದಲಿಸಿದರು ಅಂತ ಬರೆದಿಡುವ ಆಡಿಟ್ ಲಾಗ್ ಸಾಕಲ್ವಾ ಅಂತ ಕೇಳಬೇಡಿ. ಅಂಥ ಲಾಗಿನ ಜೇಸನ್ (ಡೇಟಾ ಬರೆದಿಡುವ ಒಂದು ಪಠ್ಯ ರೂಪ) ರಾಶಿಯೊಳಗೆ ಒಂದು ದಿನದ ಲೆಕ್ಕ ಹುಡುಕುವುದು ಎಷ್ಟು ಕಷ್ಟ ಅಂತ ನೋಡಿದ್ದೇನೆ. ಹಾಗಂತ ಎಲ್ಲ ಟೇಬಲ್‌ಗೂ ಇದು ಬೇಡ. ಫೋನ್ ನಂಬರ್ ಅಳಿಸಿ ಬರೆದರೆ ಆಕಾಶ ಬೀಳಲ್ಲ, ದುಡ್ಡು ಮುಟ್ಟುವ ಟೇಬಲ್‌ಗಳಿಗೆ ಸಾಕು.

ಆ 12,000ವನ್ನು ಮಾಲೀಕರು ಅವತ್ತೇ ಕೊಟ್ಟುಬಿಟ್ಟರು. ಈಗಿನ ಚೀಟಿಯಲ್ಲಿ ಎರಡು ಸಾಲು ಬರುತ್ತದೆ, 12ಕ್ಕೆ ಕೊಟ್ಟಿದ್ದು ಇಷ್ಟು, 20ಕ್ಕೆ ತಿದ್ದಿದ್ದು ಇಷ್ಟು. ಬೆಳಿಗ್ಗೆ ನೋಡಿದಾಗ 11 ಬದಲಾವಣೆ ಒಪ್ಪಿಗೆಗೆ ಕಾಯುತ್ತಿದ್ದವು. ಮಾಲೀಕರು ಹೂವಿನ ನೀರಿಗೆ ಸ್ಪ್ರಿಂಕ್ಲರ್ ಹಾಕಿಸಲು ತೋಟಕ್ಕೆ ಹೋಗಿದ್ದಾರೆ, ಅಲ್ಲಿ ನೆಟ್‌ವರ್ಕ್ ಇಲ್ಲ.