ಕರೆಂಟ್ ಹೋಗಿ ಬಂದ ಮೇಲೆ ಬಲ್ಬ್ ಏನು ಮಾಡುತ್ತದೆ?

ಒಂದು ರಾತ್ರಿ ಎರಡೂವರೆಯ ಹೊತ್ತಿಗೆ ಕರೆಂಟ್ ಹೋಗಿ ಮರಳಿ ಬಂದಾಗ, ಮಲಗುವ ಮುನ್ನ ನಾನು ಫೋನಿನಿಂದ ಆರಿಸಿದ್ದ ನಮ್ಮ ಕೋಣೆಯ ಸ್ಮಾರ್ಟ್ ಬಲ್ಬ್ ತಾನಾಗಿ ಹೊತ್ತಿಕೊಂಡು ಕೋಣೆಯನ್ನೆಲ್ಲ ಹಗಲು ಮಾಡಿತು. ಜ್ವರದಲ್ಲಿ ನರಳಿ ಆಗಷ್ಟೇ ನಿದ್ದೆ ಹೋಗಿದ್ದ ಮಗಳು ಬೆಚ್ಚಿಬಿದ್ದು ಎದ್ದು ಕುಳಿತಳು. ರೂಟರ್ ಇನ್ನೂ ಚಾಲೂ ಆಗುತ್ತಿದ್ದುದರಿಂದ ಆ್ಯಪ್‌ನಲ್ಲಿ ಬಲ್ಬ್ ಕಾಣಿಸುತ್ತಲೇ ಇರಲಿಲ್ಲ. ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನೇ ಒತ್ತಬೇಕಾಯಿತು. ಮನೆಯ ದೀಪಗಳನ್ನೆಲ್ಲ ಒಂದು ಜಾಲಕ್ಕೆ ಸೇರಿಸುವ ಕೆಲಸದಲ್ಲಿ ಕೆಲವು ವರ್ಷಗಳಿಂದ ತೊಡಗಿರುವ ನನಗೆ, ಬಲ್ಬಿನ ವಿಷಯದಲ್ಲಿ ಮೊದಲು ಯಾವ ಪ್ರಶ್ನೆ ಕೇಳಬೇಕೆಂಬುದು ಸ್ಪಷ್ಟವಾದದ್ದು ಆ ರಾತ್ರಿ. ಎಷ್ಟು ಲಕ್ಷ ಬಣ್ಣ, ಎಷ್ಟು ಪ್ರಕಾಶ ಎಂಬುದನ್ನು ಪೆಟ್ಟಿಗೆಯೇ ಹೇಳುತ್ತದೆ. ಕರೆಂಟ್, ಇಂಟರ್ನೆಟ್ ಅಥವಾ ತಯಾರಿಸಿದ ಕಂಪನಿ ಕೈಕೊಟ್ಟಾಗ ಬಲ್ಬ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ನಾವೇ ವಿಚಾರಿಸಿ ತಿಳಿದುಕೊಳ್ಳಬೇಕು, ಮತ್ತು ನಂಬಬಹುದಾದ ಬಲ್ಬ್ ಯಾವುದು ಎಂಬುದನ್ನು ನಾನು ನಿರ್ಧರಿಸುವುದು ಅದರ ಮೇಲೆಯೇ.

ಅಂದು ನಮ್ಮ ಬಲ್ಬ್ ಕೆಟ್ಟಿರಲಿಲ್ಲ. ಯಾರೋ ಸ್ವಿಚ್ ಹಾಕಿದರೋ ಅಥವಾ ಹೋದ ಕರೆಂಟ್ ಬಂತೋ ಎಂಬ ವ್ಯತ್ಯಾಸ ಬಲ್ಬಿಗೆ ಗೊತ್ತಾಗುವುದಿಲ್ಲ. ಸ್ವಿಚ್ ಹಾಕಿದವರಿಗೆ ಬೆಳಕು ಸಿಗಲಿ ಎಂದು ಹೆಚ್ಚಿನ ತಯಾರಕರು ಅದನ್ನು ಪೂರ್ತಿ ಪ್ರಕಾಶದಲ್ಲಿ ಹೊತ್ತುವಂತೆ ಮಾಡಿರುತ್ತಾರೆ. ಫಿಲಿಪ್ಸ್ ಹ್ಯೂ ಬಲ್ಬ್‌ಗಳು ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಕರೆಂಟ್ ಬಂದಾಗ ಹಿಂದಿನ ಸ್ಥಿತಿಗೇ ಮರಳುವ ಆಯ್ಕೆ ಅವುಗಳಿಗೆ ದೊರೆತದ್ದು ಅದಾದ ಹಲವು ವರ್ಷಗಳ ಮೇಲೆ. ಇಂದಿಗೂ ಈ ಸೌಲಭ್ಯವಿಲ್ಲದ ಬಲ್ಬ್‌ಗಳು ಸಾಕಷ್ಟಿವೆ. ಹಾಗಾಗಿ ಕೊಳ್ಳುವ ಮುನ್ನ ಅದರ ಕೈಪಿಡಿಯನ್ನು ಇಳಿಸಿಕೊಂಡು ಈ ಒಂದು ಸಂಗತಿಯನ್ನು ಹುಡುಕಿ ಓದಿ; ಆ ಆಯ್ಕೆ ಇಲ್ಲವಾದರೆ ಆ ಬಲ್ಬನ್ನು ಮಲಗುವ ಕೋಣೆಗೆ ಹಾಕಬೇಡಿ.

ಇದಕ್ಕಿಂತ ಕಿರಿಕಿರಿಯ ಇನ್ನೊಂದು ಸಮಸ್ಯೆಯಿದೆ. ಬಲ್ಬಿಗೆ ಗುಂಡಿ ಇರುವುದಿಲ್ಲವಾದ್ದರಿಂದ, ಅದನ್ನು ಜಾಲದಿಂದ ಬಿಡಿಸಿ ಹೊಸದಾಗಿ ಜೋಡಿಸಲು ಹಲವು ಕಂಪನಿಗಳು ಇಟ್ಟಿರುವ ಉಪಾಯವೆಂದರೆ ಸ್ವಿಚ್ಚನ್ನು ಬೇಗಬೇಗನೆ ಐದಾರು ಸಲ ಹಾಕಿ ತೆಗೆಯುವುದು. ಮಳೆಗಾಳಿಯ ದಿನ ಕರೆಂಟ್ ಕಣ್ಣುಮುಚ್ಚಾಲೆ ಆಡಿದರೆ ಬಲ್ಬಿನ ಪಾಲಿಗೆ ಅದೂ ಅದೇ ಸೂಚನೆ. ನಮ್ಮ ಪಡಸಾಲೆಯ ಬಲ್ಬ್ ಹೀಗೆಯೇ ಒಂದು ಸಂಜೆ ಮಂದವಾಗಿ, ಮತ್ತೆ ಪ್ರಖರವಾಗಿ, ಉಸಿರಾಡಿದಂತೆ ಮಿನುಗತೊಡಗಿದ್ದನ್ನು ನಿಂತು ನೋಡಿದ್ದೇನೆ. ಅದು ಜಾಲವನ್ನು ಮರೆತು ಹೊಸ ಒಡೆಯನಿಗಾಗಿ ಕಾಯುತ್ತಿತ್ತು. ರಿಮೋಟ್ ಅಥವಾ ಆ್ಯಪ್ ಮೂಲಕವೇ ರೀಸೆಟ್ ಮಾಡಬಹುದಾದ, ಅಥವಾ ಸ್ವಿಚ್ಚಿನ ಉಪಾಯಕ್ಕೆ ನಿರ್ದಿಷ್ಟ ಅಂತರದ ತಾಳ ಬೇಡುವ ಬಲ್ಬ್ ಈ ವಿಷಯದಲ್ಲಿ ಎಷ್ಟೋ ಮೇಲು.

ಇನ್ನು ಜಾಲದ ಮಾತು. ವೈಫೈ ಬಲ್ಬ್‌ಗಳಿಗೆ ಬೇರೆ ಹಬ್, ಅಂದರೆ ಬಲ್ಬ್‌ಗಳನ್ನು ಮನೆಯ ಜಾಲಕ್ಕೆ ಬೆಸೆಯುವ ಉಪಕರಣ, ಬೇಡ ಎಂಬುದು ನಿಜ. ಮೂರು ನಾಲ್ಕು ಬಲ್ಬ್ ಸಾಕೆನ್ನುವವರಿಗೆ ಅವು ಧಾರಾಳವಾಗಿ ಸಾಕು. ಆದರೆ ಸಾಮಾನ್ಯವಾಗಿ ಅವು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಮಾತ್ರ ಕೆಲಸ ಮಾಡುತ್ತವೆ, ಮೂವತ್ತು ನಲವತ್ತಾದರೆ ಸಾಧಾರಣ ರೂಟರ್ ಏದುಸಿರು ಬಿಡುತ್ತದೆ, ಮತ್ತು ವೈಫೈ ಪಾಸ್‌ವರ್ಡ್ ಬದಲಾಯಿಸಿದ ದಿನ ಏಣಿ ಹಾಕಿಕೊಂಡು ಒಂದೊಂದನ್ನೇ ಮತ್ತೆ ಜೋಡಿಸಬೇಕಾಗುತ್ತದೆ. ಜಿಗ್‌ಬೀ ಎಂಬ ಇನ್ನೊಂದು ನಿಸ್ತಂತು ವಿಧಾನದಲ್ಲಿ, ಹಬ್ ಮೂಲಕ ನಡೆಯುವ ಬಲ್ಬ್‌ಗಳ ರೀತಿ ಬೇರೆ. ಅಲ್ಲಿ ಸಾಮಾನ್ಯವಾಗಿ ಪ್ರತಿ ಬಲ್ಬೂ ಪಕ್ಕದ ಉಪಕರಣದ ಸಂದೇಶವನ್ನು ಮುಂದಕ್ಕೆ ದಾಟಿಸುತ್ತದೆ, ಆದ್ದರಿಂದ ಬಲ್ಬ್ ಹೆಚ್ಚಿದಷ್ಟೂ ಜಾಲ ಗಟ್ಟಿಯಾಗಬೇಕು. ಆಗಬೇಕು ಎಂದದ್ದಕ್ಕೆ ಕಾರಣವಿದೆ. ನಮ್ಮ ಮೆಟ್ಟಿಲ ಬಳಿಯ ಚಲನೆಯ ಸೆನ್ಸರ್ ದಿನವೂ ಸಂಜೆ ಏಳರ ನಂತರ ಸುಮ್ಮನಾಗುತ್ತಿತ್ತು. ಬ್ಯಾಟರಿ ಬದಲಿಸಿದೆ, ಜಾಗ ಬದಲಿಸಿದೆ, ಮತ್ತೆ ಜೋಡಿಸಿದೆ. ವಾರವೆಲ್ಲ ಅದೇ ಹಾಡು. ಕೊನೆಗೆ ಒಂದು ಸಂಜೆ ಅಲ್ಲೇ ಕುಳಿತು ಗಮನಿಸಿದಾಗ, ಅಮ್ಮ ಅಡುಗೆಮನೆಯಿಂದ ಹೊರಬರುತ್ತಾ ಎಂದಿನ ರೂಢಿಯಂತೆ ಗೋಡೆಯ ಸ್ವಿಚ್ ಆರಿಸಿದ್ದು ಕಣ್ಣಿಗೆ ಬಿತ್ತು. ಸೆನ್ಸರ್‌ನ ಸಂದೇಶ ಹಬ್‌ಗೆ ಹೋಗುತ್ತಿದ್ದುದು ಅಡುಗೆಮನೆಯ ಬಲ್ಬಿನ ಮೂಲಕವೇ. ಬ್ಯಾಟರಿಯ ಸೆನ್ಸರ್‌ಗಳಲ್ಲಿ ಕೆಲವು, ದಾರಿ ಮುಚ್ಚಿದರೆ ಬೇರೆ ದಾರಿ ಹುಡುಕದೆ ಹಾಗೇ ಕುಳಿತುಬಿಡುತ್ತವೆ.

ಅಮ್ಮನ ಕೈ ಸ್ವಿಚ್ಚಿಗೆ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ಸ್ವಿಚ್ಚಿಗೆ ಟೇಪ್ ಅಂಟಿಸಿ, ಮುಟ್ಟಬೇಡಿ ಎಂದು ಚೀಟಿ ಬರೆದಿಡುವ ಮನೆಗಳನ್ನು ನೋಡಿದ್ದೇನೆ. ಮನೆಯವರು ಉಪಕರಣಕ್ಕೆ ಹೆದರಿ ನಡೆಯುವಂತಾಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎಲ್ಲರೂ ಬಳಸುವ ಅಡುಗೆಮನೆ, ಬಚ್ಚಲು, ಪಡಸಾಲೆಗಳಲ್ಲಿ ಸಾಧಾರಣ ಎಲ್‌ಇಡಿ ಬಲ್ಬನ್ನೇ ಇಟ್ಟು ಸ್ವಿಚ್ಚನ್ನು ಸ್ಮಾರ್ಟ್ ಮಾಡುವುದು ಒಳಿತು. ಬೆಳಕಿನ ಬಣ್ಣ ಅಥವಾ ಬೆಚ್ಚನೆಯ ಛಾಯೆ ಹೊತ್ತಿಗೆ ತಕ್ಕಂತೆ ಬದಲಾಗಬೇಕಾದ ಕಡೆ ಮಾತ್ರ ಸ್ಮಾರ್ಟ್ ಬಲ್ಬ್ ಇರಲಿ, ಅದಕ್ಕೆ ಕರೆಂಟ್ ಸದಾ ಇರುವಂತೆ ನೋಡಿಕೊಂಡು ಗೋಡೆಗೆ ಬ್ಯಾಟರಿಯ ನಿಸ್ತಂತು ಸ್ವಿಚ್ಚನ್ನು ಅಂಟಿಸಿ. ಸಂದೇಶ ದಾಟಿಸುವ ಹೊಣೆಯನ್ನು ಯಾರೂ ಆರಿಸದ ಒಂದೆರಡು ಜಿಗ್‌ಬೀ ಸ್ಮಾರ್ಟ್ ಪ್ಲಗ್‌ಗಳಿಗೆ ವಹಿಸಬಹುದು. ಜಿಗ್‌ಬೀಯೂ ವೈಫೈಯೂ 2.4 ಗಿಗಾಹರ್ಟ್ಸ್‌ನಲ್ಲೇ ಓಡಾಡುವುದರಿಂದ, ರೂಟರ್ ವೈಫೈನ 1, 6 ಅಥವಾ 11ನೇ ಚಾನೆಲ್‌ನಲ್ಲಿದ್ದರೆ ಜಿಗ್‌ಬೀಯನ್ನು 15, 20 ಅಥವಾ 25ನೇ ಚಾನೆಲ್‌ಗೆ ಇಡಿ; ಅವು ಆ ವೈಫೈ ಚಾನೆಲ್‌ಗಳ ನಡುವಿನ ಸಂದಿಗಳಲ್ಲಿ ಅಥವಾ ಕೊನೆಯದರ ಆಚೆಗೆ ಬರುತ್ತವೆ. ಹಬ್ಬನ್ನು ರೂಟರ್‌ಗೆ ಒತ್ತಿಕೊಂಡಂತೆ ಇಡದೆ ಒಂದೆರಡು ಮೀಟರ್ ದೂರ ಸರಿಸಿದರೂ ಎದ್ದು ಕಾಣುವಷ್ಟು ವ್ಯತ್ಯಾಸವಾಗುತ್ತದೆ.

ಕಂಪನಿಯೇ ಕೈಬಿಟ್ಟರೆ ಏನು ಗತಿ ಎಂಬ ಪ್ರಶ್ನೆ ಊಹೆಯದಲ್ಲ. ಒಸ್ರಾಮ್ ಕಂಪನಿ ತನ್ನ ಲೈಟಿಫೈ ಎಂಬ ಸ್ಮಾರ್ಟ್ ದೀಪಗಳ ಸರ್ವರ್‌ಗಳನ್ನು 2021ರ ಆಗಸ್ಟ್‌ನಲ್ಲಿ ಮುಚ್ಚಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಸ್ಮಾರ್ಟ್ ಉಪಕರಣಗಳ ಕಂಪನಿಯ ಸರ್ವರ್‌ಗಳು ಗ್ರಾಹಕರಿಗೆ ಮುನ್ಸೂಚನೆಯನ್ನೂ ಕೊಡದೆ ನಿಂತುಹೋದವು. ಲೈಟಿಫೈ ಬಲ್ಬ್‌ಗಳು ಜಿಗ್‌ಬೀಯವಾಗಿದ್ದರಿಂದ ಅವನ್ನು ಬೇರೆ ಹಬ್‌ಗೆ ಜೋಡಿಸಿಕೊಂಡು ಬಳಸಲು ಸಾಧ್ಯವಾಯಿತು. ತಯಾರಕರ ಕ್ಲೌಡನ್ನೇ ನಂಬಿಕೊಂಡ ಬಲ್ಬಿಗೆ ಆ ಭಾಗ್ಯವಿಲ್ಲ. ಅದಕ್ಕಾಗಿ ಹೊಸ ಬಲ್ಬ್ ತಂದ ದಿನವೇ ನಾನು ರೂಟರ್‌ನಿಂದ ಇಂಟರ್ನೆಟ್ ತಂತಿಯನ್ನು ಕಿತ್ತು, ಬಲ್ಬ್ ಮಾತು ಕೇಳುತ್ತದೆಯೇ ಎಂದು ನೋಡುತ್ತೇನೆ. ಕೇಳದಿದ್ದರೆ ಹಿಂದಿರುಗಿಸುತ್ತೇನೆ. 2022ರ ಅಕ್ಟೋಬರ್‌ನಲ್ಲಿ ಮೊದಲ ಆವೃತ್ತಿ ಬಂದ ಮ್ಯಾಟರ್ ಎಂಬ, ಬೇರೆ ಬೇರೆ ಕಂಪನಿಗಳ ಸ್ಮಾರ್ಟ್ ಉಪಕರಣಗಳಿಗೆ ಸಮಾನವಾದ ಮಾನದಂಡ ಮನೆಯೊಳಗಿನ ನೇರ ನಿಯಂತ್ರಣವನ್ನೇ ಆಧಾರವಾಗಿಟ್ಟುಕೊಂಡಿರುವುದು ಸಮಾಧಾನದ ಸಂಗತಿ. ಮ್ಯಾಟರ್ ಎಂಬುದು ಪ್ರತ್ಯೇಕ ರೇಡಿಯೊ ಅಲ್ಲ, ಅದು ವೈಫೈ ಮತ್ತು ಥ್ರೆಡ್ (ಜಿಗ್‌ಬೀಯಂತೆ ಸಂದೇಶ ದಾಟಿಸುವ ಇನ್ನೊಂದು ನಿಸ್ತಂತು ಜಾಲ) ಇವುಗಳ ಮೇಲೆ ನಡೆಯುವ ಭಾಷೆ. ಆದ್ದರಿಂದ ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತು ಕಂಡರೂ ಒಳಗಿರುವುದು ಯಾವುದೆಂದು ಕೇಳಿಯೇ ಕೊಳ್ಳಬೇಕು. ಥ್ರೆಡ್ ಬಲ್ಬಾದರೆ, ಥ್ರೆಡ್ ಜಾಲವನ್ನು ಮನೆಯ ಜಾಲಕ್ಕೆ ಬೆಸೆಯುವ ಬಾರ್ಡರ್ ರೂಟರ್ ಆಗಿ ಕೆಲಸ ಮಾಡುವ ಉಪಕರಣವೊಂದು ಮನೆಯಲ್ಲಿರಬೇಕು.

ಬಾಳಿಕೆಯ ಬಗ್ಗೆ ಪೆಟ್ಟಿಗೆಯ ಮೇಲಿರುವ 15,000 ಅಥವಾ 25,000 ಗಂಟೆಗಳ ಲೆಕ್ಕ ಸಾಮಾನ್ಯವಾಗಿ ಎಲ್‌ಇಡಿಯ ಪ್ರಕಾಶ ಶೇ 70ಕ್ಕೆ ಇಳಿಯುವವರೆಗಿನದು. ಬಲ್ಬ್ ಅದಕ್ಕೂ ಮುಂಚೆ ಸಾಯುವುದು ಬಹುತೇಕ ಎಲ್‌ಇಡಿಗೆ ತಕ್ಕ ವಿದ್ಯುತ್ ಒದಗಿಸುವ ಒಳಗಿನ ಚಾಲಕ ಮಂಡಲದಲ್ಲಿರುವ (ಡ್ರೈವರ್) ಕೆಪಾಸಿಟರ್‌ನಿಂದ, ಮತ್ತು ಅದನ್ನು ಕೊಲ್ಲುವುದು ಬಿಸಿ. ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಆ ಕೆಪಾಸಿಟರ್‌ನ ಆಯುಷ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಆರಿಸಿದ್ದಾಗಲೂ ರೇಡಿಯೊ ಎಚ್ಚರವಾಗಿಯೇ ಇರುವ ಸ್ಮಾರ್ಟ್ ಬಲ್ಬನ್ನು ಗಾಳಿಯಾಡದ ಗಾಜಿನ ಗೋಳದೊಳಗೆ ಮುಚ್ಚಿಡಬೇಡಿ. ಇಡಲೇಬೇಕಾದರೆ ಮುಚ್ಚಿದ ದೀಪಗಳಿಗೂ ಸಲ್ಲುತ್ತದೆ ಎಂದು ಬರೆದಿರುವುದನ್ನೇ ತನ್ನಿ. ಗೋಡೆಯಲ್ಲಿ ಬೆಳಕು ಹೆಚ್ಚು ಕಡಿಮೆ ಮಾಡುವ ಹಳೆಯ ಡಿಮ್ಮರ್ ಇದ್ದರೆ ಅದನ್ನು ತೆಗೆಸದೆ ಸ್ಮಾರ್ಟ್ ಬಲ್ಬ್ ಹಾಕಲೇಬಾರದು.

ಒಂದೇ ಸಲಕ್ಕೆ ಹತ್ತನ್ನು ಕೊಳ್ಳುವ ಆಸೆಯನ್ನು ತಡೆದು, ಮೊದಲು ಒಂದನ್ನು ತಂದು, ಹಬ್‌ನಿಂದ ಅತಿ ದೂರದ ಹೋಲ್ಡರ್‌ಗೆ ಹಾಕಿ ಎರಡು ವಾರ ನೋಡಿ. ಒಪ್ಪಿಗೆಯಾದರೆ ಬೇಕಾದಷ್ಟನ್ನು, ಜೊತೆಗೆ ಒಂದೆರಡು ಹೆಚ್ಚಿಗೆ, ಆಗಲೇ ತಂದಿಟ್ಟುಕೊಳ್ಳಿ. ಹೆಸರು, ಪೆಟ್ಟಿಗೆ ಎಲ್ಲ ಹಾಗೇ ಇದ್ದು ಒಳಗಿನ ಚಿಪ್ ಬದಲಾಗುವುದುಂಟು. ಇಎಸ್‌ಪಿ8266 ಚಿಪ್ ಇದ್ದ ಅನೇಕ ವೈಫೈ ಬಲ್ಬ್‌ಗಳಿಗೆ ಹೀಗೆಯೇ ಆಯಿತು. ಅವಕ್ಕೆ ಮುಕ್ತ ತಂತ್ರಾಂಶ ಹಾಕಿಕೊಂಡು ಬಳಸುತ್ತಿದ್ದವರು ಅದೇ ಹೆಸರಿನ ಹೊಸ ಬಲ್ಬ್ ತಂದು ಬಿಚ್ಚಿದಾಗ ಒಳಗೆ ಬೇರೆಯದೇ ಚಿಪ್ ಇತ್ತು.