ವಾಕರ್‌ನಿಂದ ಮಗು ಬೇಗ ನಡೆಯುತ್ತೆ ಅನ್ನೋದು ನಿಜವಲ್ಲ

ದಾವಣಗೆರೆಯ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಆರು ತಿಂಗಳಿಗೇ ವಾಕರ್‌ನಲ್ಲಿ ಕೂರಿಸಿ, ಮಗು ಬೇಗ ನಡೆಯುತ್ತೆ. ವರ್ಷ ತುಂಬಿದರೂ ನಡೆಯದಿದ್ದರೆ ಕಾಲಿನಲ್ಲಿ ದೋಷ.’ ಎರಡೂ ತಪ್ಪು.

ವಾಕರ್‌ನಲ್ಲಿ ಮಗು ಜೋತುಬಿದ್ದು, ತುದಿಗಾಲಲ್ಲಿ ನೆಲ ಒದ್ದು ಸರಿಯುತ್ತೆ. ಬೀಳದಂತೆ ಮೈ ತೂಗಿಸುವ ಕೆಲಸವೇ ಅಲ್ಲಿಲ್ಲ. ನಡಿಗೆ ಅಂದರೆ ಅದೇ ತಾನೇ? ಮೇಲಾಗಿ ಮೆಟ್ಟಿಲಿಂದ ಉರುಳುವ ಅಪಾಯ. ಕೆನಡಾ 2004ರಲ್ಲೇ ಇದನ್ನು ನಿಷೇಧಿಸಿದೆ.

ಅಜ್ಜಿಯರು ಹೇಳುವ ಮೂರು ಗಾಲಿಯ ಮರದ ಗಾಡಿ ಬೇರೆ. ಅದನ್ನು ಮಗು ತಾನೇ ಎದ್ದು ನಿಂತು ತಳ್ಳಬೇಕು. ಪಕ್ಕದಲ್ಲಿ ದೊಡ್ಡವರಿದ್ದರೆ ಅಡ್ಡಿಯಿಲ್ಲ.

ಇನ್ನು ವಯಸ್ಸು. ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದ ಪ್ರಕಾರ ಆರೋಗ್ಯವಂತ ಮಕ್ಕಳು ಸುಮಾರು 8ರಿಂದ 18 ತಿಂಗಳೊಳಗೆ ಯಾವಾಗಲಾದರೂ ಸ್ವಂತವಾಗಿ ನಡೆಯಬಹುದು. ಪಕ್ಕದ ಮನೆ ಕೂಸಿನ ಜೊತೆ ಸುಮ್ನೆ ಹೋಲಿಸಬೇಡಿ. 18 ತಿಂಗಳಾದರೂ ನಡೆಯದಿದ್ದರೆ, ಅಥವಾ ಒಂದೇ ಕಡೆಯ ಕೈಕಾಲು ಜಾಸ್ತಿ ಬಳಸುತ್ತಿದ್ದರೆ ವೈದ್ಯರಿಗೆ ತೋರಿಸಿ.

ಬೇಕಿರೋದು ನೆಲ, ಜಾಗ, ಆಟ. ಎಚ್ಚರವಿರುವಾಗ ಚಾಪೆ ಮೇಲೆ ಬೋರಲು ಮಲಗಿಸಿ, ಎದುರಿಗೆ ಸ್ಟೀಲ್ ಲೋಟ ಉರುಳಿಸಿ. ಅದನ್ನು ಹಿಡಿಯಲು ಕೂಸು ಹೇಗೆ ಹೊಟ್ಟೆ ಎಳೆದುಕೊಂಡು ತೆವಳುತ್ತೆ ನೋಡಿ! ಮಂಚದ ಅಂಚು ಹಿಡಿದು ಅಡ್ಡಡ್ಡ ಹೆಜ್ಜೆ ಹಾಕಲಿ. ಒಳಗೆ ಬರಿಗಾಲೇ ಒಳ್ಳೆಯದು. ನಡೆಯಲು ಕಲಿತ ಮೇಲೆ ನಮ್ಮೂರಿನ ‘ಗಾಜಿನ ಮನೆ’ಯ ಉದ್ಯಾನಕ್ಕೆ ಕರೆದೊಯ್ದು ಹುಲ್ಲಿನ ಮೇಲೆ ಬಿಡಿ.